ಹೋದವರಿಗೆ ಪಾಸ್‌ಪೋರ್ಟ್, ಬಂದವರಿಗೆ ಕೌನ್ಸಿಲ್ ಓಟು: ಐರ್ಲೆಂಡಿನಲ್ಲಿ ‘ನಮ್ಮೋರು’ ಯಾರು?

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾನು ಐರ್ಲೆಂಡಿನಲ್ಲಿ ಓಟು ಹಾಕಬಹುದು. ಇಲ್ಲೇ ಹುಟ್ಟಿ ಬೆಳೆದು ಮೂರು ವರ್ಷದ ಹಿಂದೆ ಕೆಲಸಕ್ಕೆಂದು ಸಿಡ್ನಿಗೆ ಹೋದ ನನ್ನ ಸಹೋದ್ಯೋಗಿಯ ತಮ್ಮ ಹಾಕುವ ಹಾಗಿಲ್ಲ. ಊರಿಗೆ ಹೋದಾಗ ಇದನ್ನ ಹೇಳಿದರೆ ಯಾರೂ ನಂಬಲ್ಲ. ನಂಬಿದವರು, ಹಾಗಾದರೆ ಆ ದೇಶ ಯಾರನ್ನ ‘ನಮ್ಮೋರು’ ಅನ್ನುತ್ತೆ ಅಂತ ಕೇಳ್ತಾರೆ. ಏಳು ವರ್ಷದಿಂದ ಡಬ್ಲಿನ್‌ನಲ್ಲಿರುವ ನನಗೂ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಉತ್ತರ ಹುಡುಕಲು ಇಲ್ಲಿಯ ಚುನಾವಣಾ ಕಾನೂನನ್ನೂ ನೋಡಬೇಕು, ಆಟದ ಮೈದಾನವನ್ನೂ ನೋಡಬೇಕು.

ಗುಳೆ ಹೋದ ದೇಶ

ಗುಳೆ ಅಂದರೇನು ಅಂತ ರಾಯಚೂರು, ಯಾದಗಿರಿ ಕಡೆಯವರಿಗೆ ವಿವರಿಸಬೇಕಿಲ್ಲ. ಐರ್ಲೆಂಡ್ ಇಡೀ ದೇಶವೇ ಗುಳೆ ಹೋದ ದೇಶ. 1841ರಲ್ಲಿ ಈ ದ್ವೀಪದ ಜನಸಂಖ್ಯೆ ಸುಮಾರು 82 ಲಕ್ಷ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು, ಬರ ಬಂತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಹಾಗೆ ಶುರುವಾದ ಹೋಗುವಿಕೆ ನೂರು ವರ್ಷ ನಿಲ್ಲಲಿಲ್ಲ. 1961ರ ಹೊತ್ತಿಗೆ ಈಗಿನ ಗಣರಾಜ್ಯದ 26 ಕೌಂಟಿಗಳಲ್ಲಿ ಉಳಿದಿದ್ದವರು 28 ಲಕ್ಷ. 2022ರ ಜನಗಣತಿಯಲ್ಲಿ ಮಾತ್ರ ಆ ಸಂಖ್ಯೆ ಮತ್ತೆ 50 ಲಕ್ಷ ದಾಟಿತು. ಅದರಲ್ಲಿ ಶೇ. 12ರಷ್ಟು ಐರಿಶ್ ಪೌರರಲ್ಲ, 45 ಸಾವಿರ ಮಂದಿ ಭಾರತದ ಪೌರರು. ಅವರಲ್ಲಿ ನಾನೂ ಒಬ್ಬ.

ಅಂದರೆ ಹೊರಗೆ ಹೋಗುವುದೇ ಚರಿತ್ರೆಯಾಗಿದ್ದ ದೇಶಕ್ಕೆ ಈಗ ಹೊರಗಿನವರು ಬರ್ತಿದಾರೆ. ಹಾಗಂತ ಹೋಗುವುದು ನಿಂತಿಲ್ಲ. ಡಬ್ಲಿನ್‌ನ ಬಾಡಿಗೆ ನೋಡಿ ಇಲ್ಲಿಯ ಯುವಕರು ಈಗಲೂ ಸಿಡ್ನಿ, ಟೊರಾಂಟೊ ವಿಮಾನ ಹತ್ತುತ್ತಾರೆ. ಹೋಗುವವನಿಗೂ ಬರುವವನಿಗೂ ಕಾನೂನು ಹೇಗೆ ಲೆಕ್ಕ ಹಾಕುತ್ತೆ ಅನ್ನೋದರಲ್ಲೇ ತಮಾಷೆ ಇರೋದು.

ಓಟು ಯಾರಿಗೆ, ಎಷ್ಟು?

ಇಲ್ಲಿ ಓಟಿಗೆ ಮೆಟ್ಟಿಲುಗಳಿವೆ. ಐರ್ಲೆಂಡಿನಲ್ಲೇ ವಾಸಿಸುವ ಐರಿಶ್ ಪೌರರಿಗೆ ಎಲ್ಲ ಓಟೂ ಇದೆ: ಸಂಸತ್ತಿನ ಕೆಳಮನೆ ಡಾಲ್, ರಾಷ್ಟ್ರಪತಿ, ಜನಮತಗಣನೆ, ಯುರೋಪಿಯನ್ ಪಾರ್ಲಿಮೆಂಟ್, ಸ್ಥಳೀಯ ಕೌನ್ಸಿಲ್. ಬ್ರಿಟಿಷ್ ಪೌರರಿಗೆ ಡಾಲ್ ಮತ್ತು ಕೌನ್ಸಿಲ್. ಯುರೋಪಿಯನ್ ಒಕ್ಕೂಟದವರಿಗೆ ಯುರೋಪಿಯನ್ ಪಾರ್ಲಿಮೆಂಟ್ ಮತ್ತು ಕೌನ್ಸಿಲ್. ಉಳಿದವರಿಗೆ, ಅಂದರೆ ಭಾರತ, ನೈಜೀರಿಯಾ, ಬ್ರೆಜಿಲ್ ಯಾವ ದೇಶದವರಾದರೂ ಸರಿ, ಕೌನ್ಸಿಲ್ ಮಾತ್ರ. ವಯಸ್ಸು 18 ಆಗಿರಬೇಕು, ಇಲ್ಲಿ ವಾಸವಿರಬೇಕು, ಅಷ್ಟೇ. ಆಶ್ರಯ ಕೇಳಿ ಬಂದು ತೀರ್ಮಾನಕ್ಕೆ ಕಾಯುತ್ತಿರುವವರಿಗೂ ಇದು ಅನ್ವಯ. 1963ರ ಕಾನೂನಿನಿಂದ ಓಟು ಬಂತು, 1974ರಿಂದ ಸ್ಪರ್ಧಿಸುವ ಹಕ್ಕೂ ಬಂತು.

ಇದು ಕಾಗದದ ಮೇಲಿನ ಹಕ್ಕಾಗಿ ಉಳಿದಿಲ್ಲ. ನೈಜೀರಿಯಾದಿಂದ ಆಶ್ರಯ ಅರಸಿ ಬಂದ ರೋಟಿಮಿ ಅಡೆಬಾರಿ 2007ರಲ್ಲಿ ಪೋರ್ಟ್‌ಲೀಷ್ ಪಟ್ಟಣದ ಮೇಯರ್ ಆದರು, ದೇಶದ ಮೊದಲ ಕಪ್ಪು ಮೇಯರ್. ಕೇರಳ ಮೂಲದ ಬೇಬಿ ಪೆರೇಪ್ಪಾಡನ್ 2024ರಲ್ಲಿ ಸೌತ್ ಡಬ್ಲಿನ್ ಕೌಂಟಿಯ ಮೇಯರ್ ಆದರು.

ಮತಪತ್ರದಲ್ಲಿ ಮುದ್ರೆ ಒತ್ತುವುದಿಲ್ಲ, 1, 2, 3 ಅಂತ ಅಂಕಿ ಬರೆಯಬೇಕು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಪ್ರಾಶಸ್ತ್ಯ ಮತ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಇಲ್ಲಿಯ ಮೇಲ್ಮನೆಯಲ್ಲೂ ಪದವೀಧರರಿಗೆ ಅಂತಲೇ 6 ಸ್ಥಾನಗಳಿವೆ. ಭಾರತದ ಸಂವಿಧಾನ ಬರೆದವರು ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನ ಐರ್ಲೆಂಡಿನ 1937ರ ಸಂವಿಧಾನ ನೋಡಿಯೇ ರೂಪಿಸಿದ್ದು, ಹಾಗಾಗಿ ಇಲ್ಲಿಯ ರಾಜಕೀಯ ನಮಗೆ ಅಂದುಕೊಂಡಷ್ಟು ಅಪರಿಚಿತವಲ್ಲ.

ಆದರೆ ಕೌನ್ಸಿಲ್ ಕೈಯಲ್ಲಿ ಏನಿದೆ? ಸ್ಥಳೀಯ ರಸ್ತೆ, ಗ್ರಂಥಾಲಯ, ಪಾರ್ಕು, ಕಟ್ಟಡ ಯೋಜನೆ, ಸಾರ್ವಜನಿಕ ವಸತಿ. ಶಾಲೆ, ಆಸ್ಪತ್ರೆ, ಪೊಲೀಸ್ ಇಲ್ಲ. ದಿನನಿತ್ಯದ ಅಧಿಕಾರ ನೇಮಕಗೊಂಡ ಮುಖ್ಯ ಕಾರ್ಯನಿರ್ವಾಹಕರದ್ದು. ನಮ್ಮ ಪಾಲಿಕೆ ಆಯುಕ್ತರನ್ನ ನೆನಪಿಸಿಕೊಳ್ಳಿ. (ಬೆಂಗಳೂರಿನವರು ನಗಬಹುದು. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಅಲ್ಲಿ ವರ್ಷಗಟ್ಟಲೆ ಚುನಾಯಿತ ಕೌನ್ಸಿಲ್ಲೇ ಇರಲಿಲ್ಲ.) 2025ರ ಬೇಸಿಗೆಯಲ್ಲಿ ಡಬ್ಲಿನ್ ಸುತ್ತಮುತ್ತ ಭಾರತೀಯರ ಮೇಲೆ ಒಂದರ ಹಿಂದೊಂದು ಹಲ್ಲೆಗಳಾದವು. ಎಚ್ಚರದಿಂದಿರಿ ಅಂತ ಭಾರತದ ರಾಯಭಾರ ಕಚೇರಿ ಸೂಚನೆ ಹೊರಡಿಸಬೇಕಾಯಿತು. ಆಗ ನಮ್ಮ ಏರಿಯಾದ ಕೌನ್ಸಿಲರ್ ಮನೆ ಬಾಗಿಲಿಗೆ ಬಂದು ಮಾತಾಡಿಸಿದರು, ಯಾಕಂದರೆ ನಮ್ಮ ಬೀದಿಯಲ್ಲಿ ಅವರಿಗೆ ಓಟಿದೆ. ಪೊಲೀಸ್ ಬಜೆಟ್ ತೀರ್ಮಾನಿಸುವ ಡಾಲ್ ಸದಸ್ಯರಿಗೆ ನಮ್ಮಿಂದ ಓಟಿಲ್ಲ. ವ್ಯತ್ಯಾಸ ಗೊತ್ತಾಗುತ್ತೆ.

ಹೋದವರ ಕಥೆ

ದೇಶ ಬಿಟ್ಟ ಐರಿಶ್ ಪೌರ 18 ತಿಂಗಳೊಳಗೆ ವಾಪಸ್ ಬರುವ ಉದ್ದೇಶವಿದ್ದರೆ ಮಾತ್ರ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಬಹುದು. ಓಟು ಹಾಕಲು ಖುದ್ದಾಗಿ ಬರಬೇಕು. ರಾಜತಾಂತ್ರಿಕರು, ಸೈನಿಕರಂಥ ಕೆಲವರಿಗೆ ಮಾತ್ರ ಅಂಚೆ ಮತ. 1990ರಲ್ಲಿ ರಾಷ್ಟ್ರಪತಿಯಾದ ಮೇರಿ ರಾಬಿನ್ಸನ್ ವಲಸೆ ಹೋದವರ ನೆನಪಿಗೆ ಅಂತ ರಾಷ್ಟ್ರಪತಿ ಭವನದ ಕಿಟಕಿಯಲ್ಲಿ ದೀಪ ಇಟ್ಟರು. ದೀಪ ಇಟ್ಟರು ಸರಿ, ಓಟು ಇಡಲಿಲ್ಲ. 2013ರಲ್ಲಿ ಸಂವಿಧಾನ ಸಮಾವೇಶ ರಾಷ್ಟ್ರಪತಿ ಚುನಾವಣೆಯಲ್ಲಾದರೂ ಹೊರಗಿನ ಪೌರರಿಗೆ ಮತ ಕೊಡಿ ಅಂತ ಶಿಫಾರಸು ಮಾಡಿತು. 2019ರಲ್ಲಿ ಜನಮತಗಣನೆ ಅಂತ ಹೇಳಿ ಮುಂದೂಡಿದರು. 2025ರ ಅಕ್ಟೋಬರಿನಲ್ಲಿ ಕ್ಯಾಥರೀನ್ ಕಾನಲಿ ಆಯ್ಕೆಯಾದಾಗಲೂ ಲಂಡನ್, ನ್ಯೂಯಾರ್ಕ್‌ನ ಐರಿಶರು ಬರೀ ನೋಡುತ್ತಾ ಕೂತಿದ್ದರು.

ವಿರೋಧಿಸುವವರ ವಾದದಲ್ಲೂ ಹುರುಳಿಲ್ಲದಿಲ್ಲ. ಸಣ್ಣ ದೇಶ, ಪಾಸ್‌ಪೋರ್ಟ್ ಇರುವವರು ಹೊರಗೆ ವಿಪರೀತ. ಇಲ್ಲಿ ತೆರಿಗೆ ಕಟ್ಟದವರು ಇಲ್ಲಿಯ ಸರ್ಕಾರ ಆರಿಸಬೇಕೇ ಅಂತ ಕೇಳ್ತಾರೆ. ಸರಿ, ಒಪ್ಪಿದೆ. ಹಾಗಾದರೆ ಪ್ರತಿ ತಿಂಗಳು ತೆರಿಗೆ ಕಟ್ಟುವ ನನಗೆ ಡಾಲ್ ಓಟು ಯಾಕಿಲ್ಲ? ಹೋದವನಿಗೆ ತೆರಿಗೆಯ ನೆಪ, ಬಂದವನಿಗೆ ಪೌರತ್ವದ ನೆಪ. ಎರಡೂ ಒಟ್ಟಿಗೆ ನಿಲ್ಲಲ್ಲ. ನನ್ನ ಪ್ರಕಾರ ಸರ್ಕಾರ ನಡೆಸದ ರಾಷ್ಟ್ರಪತಿ ಹುದ್ದೆಗೆ ಹೊರಗಿನ ಪೌರರ ಮತ ಕೊಡಲು ಹೆದರಬೇಕಾದ್ದೇನಿಲ್ಲ. ಸಂಸತ್ತಿಗೆ ಬೇಕಾದರೆ ಫ್ರಾನ್ಸ್ ಮಾದರಿ ಇದೆ: ಹೊರದೇಶದಲ್ಲಿರುವ ಫ್ರೆಂಚರಿಗೆ ಅಲ್ಲಿ 11 ಪ್ರತ್ಯೇಕ ಸ್ಥಾನಗಳಿವೆ, ಅವರ ಮತ ಉಳಿದ ಕ್ಷೇತ್ರಗಳ ಫಲಿತಾಂಶ ಕೆಡಿಸಲ್ಲ.

ಮೈದಾನದಲ್ಲಿ ಲೆಕ್ಕವೇ ಬೇರೆ

ಓಟಿನಲ್ಲಿ ಹೋದವರನ್ನ ಮರೆಯುವ ದೇಶ ಆಟದಲ್ಲಿ ಮರೆಯಲ್ಲ. ಇಲ್ಲಿಯ ನಿಜವಾದ ರಾಷ್ಟ್ರೀಯ ಸಂಸ್ಥೆ ಯಾವುದು ಅಂದರೆ ನಾನು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಜಿಎಎ ಅಂತೀನಿ. 1884ರ ನವೆಂಬರ್ 1ರಂದು ಥರ್ಲ್ಸ್ ಊರಿನ ಒಂದು ಹೋಟೆಲಿನಲ್ಲಿ ಹುಟ್ಟಿದ್ದು. ಗೇಲಿಕ್ ಫುಟ್‌ಬಾಲ್, ಕೋಲಿನಿಂದ ಆಡುವ ಹರ್ಲಿಂಗ್ ಇದರ ಆಟಗಳು. ಫೈನಲ್ ನಡೆಯುವ ಕ್ರೋಕ್ ಪಾರ್ಕಿನಲ್ಲಿ 82 ಸಾವಿರ ಜನ ಕೂರಬಹುದು. ಆದರೆ ಆಡುವವರಿಗೆ ಸಂಬಳವಿಲ್ಲ. ಭಾನುವಾರ ಇಡೀ ದೇಶ ನೋಡಿದ ಆಟಗಾರ ಮರುದಿನ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾನೆ, ಇಲ್ಲವೇ ವೈರಿಂಗ್ ಕೆಲಸದಲ್ಲಿರುತ್ತಾನೆ. ಹರಾಜಿಲ್ಲ, ಫ್ರಾಂಚೈಸಿ ಇಲ್ಲ. ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೇ ಆಡುವುದು. ಐಪಿಎಲ್ ನೋಡಿ ಬೆಳೆದ ನನಗೆ ಇದು ಅರ್ಥವಾಗಲು ಒಂದೆರಡು ವರ್ಷ ಹಿಡಿಯಿತು.

ಬ್ರಿಟಿಷ್ ಆಳ್ವಿಕೆಯ ವಿರುದ್ಧದ ಸಿಟ್ಟು ಈ ಸಂಸ್ಥೆಯ ರಕ್ತದಲ್ಲಿದೆ. 1920ರ ನವೆಂಬರ್ 21ರಂದು ಕ್ರೋಕ್ ಪಾರ್ಕಿನಲ್ಲಿ ಪಂದ್ಯ ನಡೆಯುವಾಗಲೇ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿ 14 ಜನ ಸತ್ತರು. ಅವರಲ್ಲಿ ಒಬ್ಬ ಆಟಗಾರ, ಮೈಕಲ್ ಹೋಗನ್. ಸಾಕರ್, ರಗ್ಬಿ, ಹಾಕಿ, ಕ್ರಿಕೆಟ್ ಎಲ್ಲವೂ ‘ವಿದೇಶಿ ಆಟ’. ಅವನ್ನ ಆಡಿದ ಸದಸ್ಯರನ್ನ 1971ರವರೆಗೂ ಹೊರಗೆ ಹಾಕುತ್ತಿದ್ದರು. 2007ರಲ್ಲಿ ಮಾತ್ರ ಅದೇ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ರಗ್ಬಿ ಆಡಿದರು. ಐರ್ಲೆಂಡ್ 43–13ರಿಂದ ಗೆದ್ದಿತು.

ಗುಳೆ ಹೋದವರಿಗೆ ಮಾತ್ರ ಇಲ್ಲಿ ಬಾಗಿಲು ತೆರೆದೇ ಇದೆ. 1947ರಲ್ಲಿ ಆಲ್-ಐರ್ಲೆಂಡ್ ಫುಟ್‌ಬಾಲ್ ಫೈನಲನ್ನೇ ನ್ಯೂಯಾರ್ಕಿಗೆ ಒಯ್ದಿದ್ದರು. ಲಂಡನ್, ನ್ಯೂಯಾರ್ಕ್ ತಂಡಗಳು ಈಗಲೂ ಪಶ್ಚಿಮದ ಕೊನಾಕ್ಟ್ ಪ್ರಾಂತದ ಚಾಂಪಿಯನ್‌ಶಿಪ್‌ನಲ್ಲಿ ಆಡುತ್ತವೆ. 2023ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಅಲ್ಲಿ ಮೊದಲ ಬಾರಿಗೆ ಗೆದ್ದಿತು, ಪೆನಾಲ್ಟಿಗಳಲ್ಲಿ. ಸೋತದ್ದು ಲೀಟ್ರಿಮ್ ಕೌಂಟಿ. 1841ರಲ್ಲಿ ಲೀಟ್ರಿಮ್‌ನಲ್ಲಿ 1 ಲಕ್ಷ 55 ಸಾವಿರ ಜನರಿದ್ದರು, ಈಗ 35 ಸಾವಿರ. ಊರಲ್ಲಿ ಉಳಿದವರ ತಂಡವನ್ನ ಊರು ಬಿಟ್ಟವರ ತಂಡ ಸೋಲಿಸಿತು ಅಂತಲೇ ಹೇಳಬಹುದು.

ಅದೇ ಲೀಟ್ರಿಮ್‌ನ ಹರ್ಲಿಂಗ್ ತಂಡದಲ್ಲಿ ಝ್ಯಾಕ್ ಮೊರಾದಿ ಇದ್ದರು. ಇರಾಕಿನ ರಮಾದಿಯ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಕುರ್ದಿಶ್ ಹುಡುಗ. 2019ರಲ್ಲಿ ಕ್ರೋಕ್ ಪಾರ್ಕಿನಲ್ಲಿ ಲೋರಿ ಮಾಹರ್ ಕಪ್ ಗೆದ್ದ ತಂಡದಲ್ಲಿ ಅವರೂ ಆಡಿದರು. ಎದುರಾಳಿ ಇಂಗ್ಲೆಂಡಿನ ಲ್ಯಾಂಕಾಶೈರ್! ಅಲ್ಲಿ ನೆಲೆಸಿದ ಐರಿಶರು ಕಟ್ಟಿದ ಆಟ ಅದು.

ಸಾಕರ್‌ನಲ್ಲಿ ‘ಅಜ್ಜಿ ನಿಯಮ’. ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಪೌರತ್ವ ಸಿಗುತ್ತೆ, ಪೌರತ್ವ ಸಿಕ್ಕರೆ ಜೆರ್ಸಿ ಸಿಗುತ್ತೆ. 1988ರ ಯುರೋ ಕಪ್‌ನಲ್ಲಿ ಇಂಗ್ಲೆಂಡನ್ನ ಸೋಲಿಸಿದ ಗೋಲು ಹೊಡೆದ ರೇ ಹೌಟನ್ ಗ್ಲಾಸ್ಗೋದಲ್ಲಿ ಹುಟ್ಟಿದವರು. ತರಬೇತುದಾರ ಜ್ಯಾಕ್ ಚಾರ್ಲ್ಟನ್ ಸಾಕ್ಷಾತ್ ಇಂಗ್ಲಿಷ್ ಮನುಷ್ಯ. ಕ್ರಿಕೆಟ್ಟಿನಲ್ಲಿ ಪಂಜಾಬಿನಿಂದ ಬಂದ ಸಿಮಿ ಸಿಂಗ್ 2021ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 8ನೇ ಕ್ರಮಾಂಕದಲ್ಲಿ ಇಳಿದು ಶತಕ ಹೊಡೆದರು. ಅಂದಹಾಗೆ ಐರ್ಲೆಂಡ್ ಕ್ರಿಕೆಟ್ಟಿನ ಅತಿ ದೊಡ್ಡ ರಾತ್ರಿ ನಡೆದದ್ದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. 2011ರ ಮಾರ್ಚ್ 2, ವಿಶ್ವಕಪ್, ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ನೂರು ಹೊಡೆದು ಇಂಗ್ಲೆಂಡಿನ 327 ರನ್ ದಾಟಿಸಿದ್ದು. ಬೆಂಗಳೂರಿನವನು ಅಂದ ಕೂಡಲೇ ಇಲ್ಲಿ ಕ್ರಿಕೆಟ್ ಗೊತ್ತಿರುವ ಕೆಲವರು ಅದನ್ನೇ ಶುರು ಮಾಡ್ತಾರೆ.

ಬೆಳಗಾವಿಯ ಸವಿತಾ

ಉಳಿದವರು ಇನ್ನೊಂದು ಹೆಸರು ಹೇಳ್ತಾರೆ, ದನಿ ತಗ್ಗಿಸಿ. ಬೆಳಗಾವಿಯ ಸವಿತಾ ಹಾಲಪ್ಪನವರ್, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರಿನಲ್ಲಿ 17 ವಾರದ ಗರ್ಭಿಣಿಯಾಗಿ ಗಾಲ್ವೇಯ ಆಸ್ಪತ್ರೆ ಸೇರಿದರು. ಗರ್ಭ ಉಳಿಯಲ್ಲ ಅಂತ ಗೊತ್ತಾದ ಮೇಲೆ ತೆಗೆದುಬಿಡಿ ಅಂತ ಕೇಳಿಕೊಂಡರು. ಭ್ರೂಣದ ಹೃದಯಬಡಿತ ಇನ್ನೂ ಇದೆ ಅಂತ ನಿರಾಕರಿಸಿದರು. ಸೋಂಕು ರಕ್ತಕ್ಕೇರಿ 28ರಂದು ತೀರಿಕೊಂಡರು. ಹುಟ್ಟದ ಮಗುವಿಗೂ ತಾಯಿಗೂ ಜೀವದ ಹಕ್ಕು ಸಮಾನ ಅಂತ ಸಂವಿಧಾನಕ್ಕೆ 1983ರಲ್ಲಿ ತಂದಿದ್ದ ಎಂಟನೇ ತಿದ್ದುಪಡಿ ಆಗ ದೇಶದ ಕಣ್ಣಿಗೆ ಚುಚ್ಚಿತು.

2018ರ ಮೇ 25ರಂದು ಅದನ್ನ ತೆಗೆಯಲು ಜನಮತಗಣನೆ. ‘ಹೋಮ್ ಟು ವೋಟ್’ ಅಂತ ಹ್ಯಾಶ್‌ಟ್ಯಾಗ್ ಹಾಕಿಕೊಂಡು ಸಾವಿರಾರು ಯುವಕ ಯುವತಿಯರು ವಿಮಾನ, ಹಡಗು ಹಿಡಿದು ಬಂದರು. 2015ರ ಸಮಲಿಂಗ ವಿವಾಹದ ಜನಮತಗಣನೆಗೂ ಹೀಗೇ ಬಂದಿದ್ದರು. ಅಂಚೆ ಮತ ಇದ್ದಿದ್ದರೆ ಇದು ಬೇಕಿರಲಿಲ್ಲ ಅನ್ನೋದನ್ನ ಆ ಸಂಭ್ರಮದಲ್ಲಿ ಯಾರೂ ಕೇಳಲಿಲ್ಲ. ಶೇ. 66 ಮತದಿಂದ ತಿದ್ದುಪಡಿ ಬಿದ್ದುಹೋಯಿತು. ಡಬ್ಲಿನ್‌ನ ಪೋರ್ಟೊಬೆಲ್ಲೊದಲ್ಲಿ ಸವಿತಾ ಮುಖದ ಗೋಡೆಚಿತ್ರದ ಮೇಲೆ ಜನ ನೂರಾರು ಚೀಟಿ ಅಂಟಿಸಿದರು. ಕ್ಷಮಿಸು ಅಂತ ಬರೆದವರಿದ್ದರು.

ಇಲ್ಲಿ ನನಗೆ ಗಂಟಲು ಕಟ್ಟುವ ಸಂಗತಿ ಇದು: ಅವತ್ತು ಸವಿತಾ ಥರ ಇಲ್ಲಿಗೆ ಬಂದು ದುಡಿಯುತ್ತಿದ್ದ, ಇದೇ ಆಸ್ಪತ್ರೆಗಳಿಗೆ ಹೋಗಬೇಕಿದ್ದ ಭಾರತದ ಪೌರರಿಗೆ ಆ ಪ್ರಶ್ನೆಯಲ್ಲಿ ಮತವಿರಲಿಲ್ಲ. ಜನಮತಗಣನೆ ಪೌರರಿಗೆ ಮಾತ್ರ.

ಯಾವ ಓಟು ಬಿಡುವುದು?

2004ರವರೆಗೆ ಈ ದ್ವೀಪದಲ್ಲಿ ಹುಟ್ಟಿದ ಮಗು ಐರಿಶ್. ಆ ವರ್ಷ ಶೇ. 79 ಜನ ಅದನ್ನ ತೆಗೆಯಲು ಓಟು ಹಾಕಿದರು. ಈಗ ನಮ್ಮಂಥವರ ಮಗು ಹುಟ್ಟುತ್ತಲೇ ಐರಿಶ್ ಆಗಬೇಕಾದರೆ ತಂದೆ ಅಥವಾ ತಾಯಿ ಹಿಂದಿನ 4 ವರ್ಷದಲ್ಲಿ 3 ವರ್ಷ ಸರಿಯಾದ ಪರವಾನಗಿಯಲ್ಲಿ ಇಲ್ಲಿದ್ದಿರಬೇಕು. ಬಾಸ್ಟನ್‌ನಲ್ಲಿ ಕೂತವನಿಗೆ ಅಜ್ಜಿಯ ಜನನ ಪ್ರಮಾಣಪತ್ರ ಸಾಕು.

ನನಗೆ 5 ವರ್ಷದ ವಾಸದ ಲೆಕ್ಕ ಮುಗಿದಿದೆ (ವಿದ್ಯಾರ್ಥಿ ವೀಸಾದ ವರ್ಷಗಳು ಇದರಲ್ಲಿ ಸೇರಲ್ಲ, ಗಮನವಿರಲಿ). ಅರ್ಜಿ ಹಾಕಿದರೆ 175 ಯೂರೊ, ಒಪ್ಪಿಗೆ ಸಿಕ್ಕ ಮೇಲೆ 950 ಯೂರೊ. ಅಸಲಿ ಬೆಲೆ ಅದಲ್ಲ. ಭಾರತ ಎರಡು ಪೌರತ್ವ ಒಪ್ಪಲ್ಲ, ಐರಿಶ್ ಪಾಸ್‌ಪೋರ್ಟ್ ತಗೊಂಡರೆ ನಮ್ಮದನ್ನ ಒಪ್ಪಿಸಬೇಕು. ಆಮೇಲೆ ಸಿಗುವ ಓಸಿಐ ಕಾರ್ಡಿನಲ್ಲಿ ವೀಸಾ ಬೇಡ, ಓಟೂ ಇಲ್ಲ. 2010ರ ತಿದ್ದುಪಡಿಯಿಂದ ಅನಿವಾಸಿ ಭಾರತೀಯರಿಗೆ ಬಂದ ಓಟನ್ನೂ ಊರಿಗೆ ಹೋಗಿಯೇ ಹಾಕಬೇಕು, ಹಾಗಾಗಿ ಬಹುಪಾಲು ಅದು ಕಾಗದದ ಓಟು. ಆದರೂ ಅದನ್ನ ಬಿಟ್ಟುಕೊಡಲು ಕೈ ಏಳುತ್ತಿಲ್ಲ. ಅರ್ಜಿ ತುಂಬಿಟ್ಟಿದ್ದೇನೆ, ಕಳಿಸಿಲ್ಲ. ಅಪ್ಪನಿಗೆ ಇದರ ಬಗ್ಗೆ ಇನ್ನೂ ಹೇಳಿಲ್ಲ.

ಕೌನ್ಸಿಲ್ ಓಟಿಗೆ ಇದ್ಯಾವ ತಕರಾರೂ ಇಲ್ಲ. ಮುಂದಿನ ಸ್ಥಳೀಯ ಚುನಾವಣೆ 2029ಕ್ಕೆ. ಪಿಪಿಎಸ್ ನಂಬರ್ ಇದ್ದರೆ ಆನ್‌ಲೈನ್‌ನಲ್ಲೇ ಹೆಸರು ಸೇರಿಸಬಹುದು. ಕೆಲಸಕ್ಕೆ ಸೇರಿದ ಎಲ್ಲರ ಹತ್ತಿರವೂ ಆ ನಂಬರ್ ಇರುತ್ತೆ. ಒಂದೇ ಎಚ್ಚರಿಕೆ: ಪಟ್ಟಿ ವಿಳಾಸದ ಮೇಲೆ ನಿಂತಿದೆ. ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವವರು ಪ್ರತಿ ಸಲ ಹೊಸ ವಿಳಾಸ ಕೊಡಬೇಕು. ನಮ್ಮವರ ಹೆಸರು ಹೆಚ್ಚಾಗಿ ತಪ್ಪಿಹೋಗುವುದು ಅಲ್ಲೇ.