ಕಣ್ಣಿಗೆ ಬೀಳದ ದೆವ್ವ: ‘ದಿ ಹಾಂಟಿಂಗ್’

‘ದಿ ಹಾಂಟಿಂಗ್’ 1963ರಲ್ಲಿ ತೆರೆಕಂಡ ಕಪ್ಪು-ಬಿಳುಪು ಚಿತ್ರ. ದೆವ್ವದ ಮನೆಯ ಸಿನಿಮಾಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನವಿದೆ. ಆದರೂ ಸುಮಾರು ಎರಡು ಗಂಟೆಯ ಈ ಚಿತ್ರದಲ್ಲಿ ದೆವ್ವ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ.

ಚಿತ್ರಕ್ಕೆ ಆಧಾರವಾದದ್ದು ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ ಅವರ 1959ರ ಕಾದಂಬರಿ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’. ದೆವ್ವ ಉಂಟೋ ಇಲ್ಲವೋ ಎಂದು ಪರೀಕ್ಷಿಸಹೊರಟ ವಿದ್ವಾಂಸನೊಬ್ಬ, ಕೆಟ್ಟ ಹೆಸರಿನ ಹಳೆಯ ಬಂಗಲೆಯಲ್ಲಿ ಮೂವರೊಂದಿಗೆ ತಂಗುತ್ತಾನೆ. ಆ ಮೂವರಲ್ಲಿ ಎಲಿನಾರ್ ಕಥೆಯ ಜೀವ. ಹಾಸಿಗೆ ಹಿಡಿದ ತಾಯಿಯ ಆರೈಕೆಯಲ್ಲೇ ಯೌವನ ಸವೆಸಿದವಳು ಅವಳು. ಕೊನೆಯ ರಾತ್ರಿ ತಾಯಿ ಗೋಡೆ ಬಡಿದು ಕರೆದರೂ ಎದ್ದು ಹೋಗಲಿಲ್ಲವೆಂಬ ಕೊರಗು ಅವಳನ್ನು ಬಿಟ್ಟಿಲ್ಲ. ಹಿಲ್ ಹೌಸ್‌ನಲ್ಲಿ ನಡುರಾತ್ರಿ ಗೋಡೆ ಬಡಿಯುವ ಸದ್ದಾದಾಗ, ನಿದ್ದೆಗಣ್ಣಿನಲ್ಲಿ ಅವಳು ಓಗೊಡುವುದು ತಾಯಿಗೇ. ಚಿತ್ರದ ಭಯವೆಲ್ಲ ಈ ಒಂದು ಗಳಿಗೆಯಲ್ಲಿ ಅಡಗಿದೆ.

ಇಡೀ ಕಥೆ ಎಲಿನಾರಳ ಮನಸ್ಸಿನ ಕುಸಿತವಿರಬಹುದೆಂದು ಚಿತ್ರಕಥೆಗಾರ ನೆಲ್ಸನ್ ಗಿಡಿಂಗ್ ಅವರಿಗೆ ಅನ್ನಿಸಿತ್ತು. ಜಾಕ್ಸನ್ ಅವರನ್ನು ಭೇಟಿಯಾಗಿ ಕೇಳಿದಾಗ, ತಾನು ಬರೆದದ್ದು ಅತಿಮಾನುಷ ಶಕ್ತಿಯ ಕಥೆಯೇ ಎಂದು ಆಕೆ ಹೇಳಿದರು. ಹಾಗಿದ್ದರೂ ಗಿಡಿಂಗ್ ಅವರ ಶಂಕೆ ಚಿತ್ರದಲ್ಲಿ ಉಳಿದುಕೊಂಡಿತು. ಅದು ಉಳಿದದ್ದೇ ಒಳ್ಳೆಯದಾಯಿತು. ಸದ್ದು ಮನೆಯದೋ ಮನಸ್ಸಿನದೋ ಎಂಬುದು ಕಡೆಯವರೆಗೂ ಬಗೆಹರಿಯುವುದಿಲ್ಲ.

ನಿರ್ದೇಶಕ ರಾಬರ್ಟ್ ವೈಸ್ ಮೊದಲು ಸಂಕಲನಕಾರರಾಗಿದ್ದವರು. ‘ಸಿಟಿಜನ್ ಕೇನ್’ ಚಿತ್ರವನ್ನು ಸಂಕಲಿಸಿದ್ದು ಅವರೇ. 1940ರ ದಶಕದಲ್ಲಿ ನಿರ್ಮಾಪಕ ವಾಲ್ ಲ್ಯೂಟನ್ ಅವರ ಕೈಕೆಳಗೆ ಕಡಿಮೆ ಖರ್ಚಿನ ಭಯಚಿತ್ರಗಳನ್ನು ಮಾಡುತ್ತಾ, ತೋರಿಸದೆ ಹೆದರಿಸುವ ವಿದ್ಯೆ ಕಲಿತರು. ‘ವೆಸ್ಟ್ ಸೈಡ್ ಸ್ಟೋರಿ’ಯಂಥ ದೊಡ್ಡ ಗೆಲುವಿನ ಬಳಿಕ ಮತ್ತೆ ಆ ವಿದ್ಯೆಗೆ ಮರಳಿದ್ದು ಗುರುಋಣ ತೀರಿಸಿದಂತಿತ್ತು. ಹಾಲಿವುಡ್‌ನಲ್ಲಿ ಖರ್ಚು ಹೊಂದದೆ ಚಿತ್ರೀಕರಣ ಇಂಗ್ಲೆಂಡಿಗೆ ಹೋಯಿತು; ಒಳಾಂಗಣ ದೃಶ್ಯಗಳು ಬೋರ್‌ಹ್ಯಾಮ್‌ವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ನಡೆದವು.

ಕಥೆ ನಡೆಯುವುದು ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತ್ಯದಲ್ಲಿ. ಹೊರಗಿನಿಂದ ಕಾಣುವ ಮನೆ ಮಾತ್ರ ಇಂಗ್ಲೆಂಡಿನ ವಾರಿಕ್‌ಶೈರ್‌ನ ಎಟಿಂಗ್ಟನ್ ಪಾರ್ಕ್. ಶತಮಾನಗಳಿಂದ ಶರ್ಲಿ ಮನೆತನದ ಆಸ್ತಿಯಾಗಿದ್ದ ಈ ಬಂಗಲೆಗೆ 1858ರಿಂದ 1862ರ ನಡುವೆ ವಾಸ್ತುಶಿಲ್ಪಿ ಜಾನ್ ಪ್ರಿಚರ್ಡ್ ಗಾಥಿಕ್ ರೂಪ ಕೊಟ್ಟರು. ಲೇಖಕಿಯ ಹೆಸರೂ ಮನೆತನದ ಹೆಸರೂ ಒಂದೇ ಆದದ್ದು ಬರೀ ಕಾಕತಾಳೀಯ. ಹಗಲಿನಲ್ಲಿ ಸೌಮ್ಯವಾಗಿ ಕಾಣುವ ಆ ಗೋಡೆಗಳನ್ನು ವೈಸ್ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಸೆರೆಹಿಡಿಸಿದರು. ಆಕಾಶ ಕಪ್ಪಿಟ್ಟಿತು, ಕಲ್ಲಿನ ಗೆರೆಗಳು ಎದ್ದುಬಂದವು.

ಒಳಗಿನ ಕೋಣೆಗಳಿಗೂ ಇಂಥದೇ ಉಪಾಯ. ಪ್ಯಾನಾವಿಷನ್ ಸಂಸ್ಥೆ ಆಗಿನ್ನೂ ತಿದ್ದಿ ಮುಗಿಸಿರದ 30 ಮಿ.ಮೀ. ಅಗಲಕೋನದ ಲೆನ್ಸೊಂದು ಅಂಚಿನಲ್ಲಿ ಚಿತ್ರವನ್ನು ಬಾಗಿಸುತ್ತಿತ್ತು. ಆ ದೋಷವೇ ವೈಸ್ ಅವರಿಗೆ ಬೇಕಾಗಿತ್ತು. ದೋಷ ಗೊತ್ತಿದ್ದೇ ತೆಗೆದುಕೊಂಡಿದ್ದೇನೆಂದು ಬರೆದುಕೊಟ್ಟು ಅದನ್ನು ಪಡೆದರು. ಕಾದಂಬರಿಯ ಹಿಲ್ ಹೌಸ್‌ನಲ್ಲಿ ಒಂದು ಮೂಲೆಯೂ ನೇರವಿಲ್ಲ. ಲೆನ್ಸು ಆ ಸೊಟ್ಟನ್ನು ತೆರೆಗೆ ತಂದಿತು. ಎಲಿಯಟ್ ಸ್ಕಾಟ್ ಕಟ್ಟಿಸಿದ ಸೆಟ್ಟುಗಳಿಗೆ ಸೂರೂ ಇತ್ತು. ಹಾಗಾಗಿ ಪಾತ್ರಗಳು ಮನೆಯ ಹೊಟ್ಟೆಯೊಳಗೆ ಸಿಕ್ಕಿಬಿದ್ದಂತೆ ತೋರುತ್ತವೆ.

ಉಳಿದ ಕೆಲಸ ಸದ್ದಿನದು. ಬಡಿತದ, ಗೊಣಗುವ ಸದ್ದುಗಳನ್ನು ಮೊದಲೇ ಮುದ್ರಿಸಿಕೊಂಡು ಚಿತ್ರೀಕರಣದ ವೇಳೆ ಕೇಳಿಸುತ್ತಿದ್ದರು. ನಟರು ನಿಜವಾದ ಸದ್ದಿಗೇ ಬೆಚ್ಚಿಬೀಳುತ್ತಿದ್ದರು. ಹೆಚ್ಚು ಮಾತಿಗೆ ಬರುವ ದೃಶ್ಯದಲ್ಲಿ ದಪ್ಪನೆಯ ಬಾಗಿಲು ಉಸಿರಾಡುವಂತೆ ಒಳಕ್ಕೆ ಉಬ್ಬುತ್ತದೆ. ಪದರ ಪದರವಾಗಿ ಅಂಟಿಸಿದ ಮರದ ಬಾಗಿಲನ್ನು ಆಚೆ ಬದಿಯಿಂದ ಬಲವಾದ ಆಳು ತಳ್ಳಿದ್ದಷ್ಟೇ ಅಲ್ಲಿನ ತಂತ್ರ. ಭಯ ಹುಟ್ಟುವುದು ಎಲಿನಾರ್ ಪಾತ್ರದ ಜೂಲಿ ಹ್ಯಾರಿಸ್ ಅವರ ಮುಖದಲ್ಲಿ.

ಬಿಡುಗಡೆಯಾದಾಗ ವಿಮರ್ಶಕರಲ್ಲಿ ಒಮ್ಮತವಿರಲಿಲ್ಲ. ಚಿತ್ರದ ಕೀರ್ತಿ ನಿಧಾನವಾಗಿ ಬೆಳೆಯಿತು. 1999ರಲ್ಲಿ ಯಾನ್ ಡಿ ಬಾಂಟ್ ಅದೇ ಕಾದಂಬರಿಯನ್ನು ಮತ್ತೆ ತೆರೆಗೆ ತಂದರು. ಈ ಬಾರಿ ಕಂಪ್ಯೂಟರ್ ನೆರವಿನಿಂದ ದೆವ್ವ ಕಣ್ಣೆದುರೇ ಬಂತು, ಭಯ ಮಾತ್ರ ಬರಲಿಲ್ಲ. ಎಟಿಂಗ್ಟನ್ ಪಾರ್ಕ್ ಈಗ ಹೋಟೆಲು. ಬಣ್ಣಬಣ್ಣದ ಕಲ್ಲಿನ ಪಟ್ಟಿಗಳಿರುವ ಅದರ ಗೋಡೆಗಳನ್ನು ಬಿಸಿಲಿನಲ್ಲಿ ನೋಡಬಹುದು.