ಐವತ್ತಾರು ಸೆಕೆಂಡಿನ ಗಾಳಿ

ತಾರ್ನಾಕದಲ್ಲಿ ಬಸ್ಸಿಳಿದು ಉಸ್ಮಾನಿಯಾ ವಿಶ್ವವಿದ್ಯಾಲಯದ ಒಳಕ್ಕೆ ನಡೆದರೆ ಸಿಗುವ ಆರ್ಟ್ಸ್ ಕಾಲೇಜಿನ ಕಟ್ಟಡ 1939ರದು. ಕಲಬುರಗಿ, ಬೀದರ, ರಾಯಚೂರು ನಿಜಾಮರ ಸೀಮೆಯಾಗಿದ್ದಾಗ ಕನ್ನಡದ ಹುಡುಗರು ಉರ್ದುವಿನಲ್ಲಿ ಪದವಿ ಓದಲು ಬರುತ್ತಿದ್ದುದು ಈ ವಿಶ್ವವಿದ್ಯಾಲಯಕ್ಕೇ. ಕಟ್ಟಡ ಗ್ರಾನೈಟಿನದು. ಹೈದರಾಬಾದಿನ ನೆಲವೇ ಗ್ರಾನೈಟು. ಆ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ಎರಡೂ ಅಷ್ಟಿಷ್ಟು ಇರುತ್ತವೆ. ಇಲ್ಲಿನ ಭೌತಶಾಸ್ತ್ರ ವಿಭಾಗದವರು ಊರಿನ ಮನೆಗಳಲ್ಲಿ ಫಿಲ್ಮ್ ತುಂಡುಗಳಿಟ್ಟು ಅಳೆದದ್ದು ಇವೆರಡರಿಂದ ಹುಟ್ಟುವ ಅನಿಲಗಳನ್ನು.

ಯುರೇನಿಯಂ ಸಂತತಿಯದು ರೇಡಾನ್, ಥೋರಿಯಂ ಸಂತತಿಯದು ಥೋರಾನ್. ರಸಾಯನಶಾಸ್ತ್ರಕ್ಕೆ ಎರಡೂ ಒಂದೇ ಮೂಲವಸ್ತು, ಬಣ್ಣವಿಲ್ಲ, ವಾಸನೆಯಿಲ್ಲ. ಬೇರೆಯಾಗಿರುವುದು ಆಯುಸ್ಸು. ರೇಡಾನ್ ಅರ್ಧಕ್ಕಿಳಿಯಲು 3.8 ದಿನ ಬೇಕು, ಥೋರಾನಿಗೆ 56 ಸೆಕೆಂಡು ಸಾಕು. ಅಳತೆಯ ತೊಡಕೆಲ್ಲ ಇರುವುದು ಇಲ್ಲಿ.

ಥೋರಾನ್ ಪತ್ತೆಯಾದದ್ದೂ ಕೆಟ್ಟುಹೋದ ಅಳತೆಯಿಂದಲೇ. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಓವೆನ್ಸ್ ಥೋರಿಯಂ ಲವಣದ ವಿಕಿರಣ ಅಳೆಯುತ್ತಿದ್ದರು. ಕೋಣೆಯಲ್ಲಿ ಸ್ವಲ್ಪ ಗಾಳಿಯಾಡಿದರೂ ಅಂಕಿ ಏರುಪೇರಾಗುತ್ತಿತ್ತು. ಲವಣದಿಂದ ಏನೋ ಎದ್ದು ಗಾಳಿಯಲ್ಲಿ ತೇಲಿಹೋಗುತ್ತಿದೆ ಎಂದು ರುದರ್‌ಫರ್ಡ್ ಊಹಿಸಿ ಅದನ್ನು 'ಎಮನೇಷನ್' ಎಂದರು. ಕನ್ನಡದಲ್ಲಿ 'ಹೊಮ್ಮುಗಾಳಿ' ಎಂದರೆ ಚೆನ್ನಾಗಿ ಒಪ್ಪುತ್ತಿತ್ತು.

ಇದು ಮನೆಯ ವಿಷಯವೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ಜರ್ಮನಿಯ ಶ್ನೇಬೆರ್ಗ್ ಗಣಿಯವರನ್ನು ಕೊಲ್ಲುತ್ತಿದ್ದುದು ಶ್ವಾಸಕೋಶದ ಗಂತಿಯೆಂದು 1879ರಲ್ಲೇ ಇಬ್ಬರು ವೈದ್ಯರು ಬರೆದಿದ್ದರು. ಸ್ವೀಡನ್ನಿನ ಹುಲ್ಟ್‌ಕ್ವಿಸ್ಟ್ ಮನೆಗಳೊಳಗೆ ರೇಡಾನ್ ಅಳೆದು ಪ್ರಕಟಿಸಿದ್ದು 1956ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಘನಮೀಟರಿಗೆ 100 ಬೆಕರೆಲ್ ಎಂಬ ಗುರುತು ಹಾಕಿದ್ದು 2009ರಲ್ಲಿ.

ಆ ಗುರುತಿನ ಆಚೆಯೋ ಈಚೆಯೋ ಎಂದು ಹೇಳಲು ನಮ್ಮಲ್ಲಿ ಹೆಚ್ಚು ಬಳಕೆಯಾದದ್ದು ಎಲ್‌ಆರ್-115 ಎಂಬ ಕೆಂಪು ಫಿಲ್ಮ್. ಆಲ್ಫಾ ಕಣ ಬಡಿದಲ್ಲಿ ಅದಕ್ಕೆ ಕಣ್ಣಿಗೆ ಕಾಣದ ಗಾಯ. ಮೂರು ತಿಂಗಳ ನಂತರ ತೆಗೆದು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಒಂದೂವರೆ ಗಂಟೆ ಇಟ್ಟರೆ ಗಾಯ ತೂತಾಗುತ್ತದೆ, ತೂತುಗಳನ್ನು ಎಣಿಸುವುದು. ಆದರೆ ತೂತು ತಾನು ಯಾರು ಮಾಡಿದ್ದೆಂದು ಹೇಳುವುದಿಲ್ಲ. ಚೀನಾದ ಮಣ್ಣಿನ ಗುಹೆಮನೆಗಳಲ್ಲಿ ರೇಡಾನ್ ಮತ್ತು ಕ್ಯಾನ್ಸರಿನ ನಂಟು ಹುಡುಕಿದ ದೊಡ್ಡ ಅಧ್ಯಯನಕ್ಕೆ ಬಂದ ಆಕ್ಷೇಪವೂ ಇದೇ: ರೇಡಾನ್ ಎಂದು ಎಣಿಸಿದ್ದರಲ್ಲಿ ಥೋರಾನ್ ಬೆರೆತಿರಬಹುದು. ಅಂಕಿ ಹೀಗೆ ಉಬ್ಬಿದರೆ ರೇಡಾನಿನ ಅಪಾಯ ಇದ್ದುದಕ್ಕಿಂತ ಸಣ್ಣದಾಗಿ ಕಾಣುತ್ತದೆ.

ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ಮೊದಲ ಉಪಾಯ ಜೋಡಿ ಬಟ್ಟಲು. ಒಂದರ ಬಾಯಿಗೆ ಫಿಲ್ಟರ್ ಕಾಗದ. ಎರಡೂ ಅನಿಲ ಒಳಗೆ. ಇನ್ನೊಂದಕ್ಕೆ ತೆಳು ಪೊರೆ. ಅದನ್ನು ದಾಟುವಷ್ಟರಲ್ಲಿ ಥೋರಾನ್ ಸತ್ತಿರುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಥೋರಾನ್. ಲೆಕ್ಕ ಸರಿ, ಆದರೆ ಬಟ್ಟಲುಗಳ ಬಾಯಿ ಬೇರೆ ಬೇರೆ ದಿಕ್ಕಿಗೆ. ಮತ್ತೆ ಓವೆನ್ಸ್ ಕಂಡ ಅದೇ ಗಾಳಿಯ ಕಾಟ.

2013ರಲ್ಲಿ ಅದೇ ಕೇಂದ್ರದವರು ಪ್ರಕಟಿಸಿದ ಡಬ್ಬಿಗೆ ಬಾಗಿಲು ಒಂದೇ. ಗಾಳಿ ಮೊದಲ ಕೋಣೆಗೆ ಬಂದು, ನಡುವಿನ ನಾಲ್ಕು ಸೂಜಿರಂಧ್ರಗಳ ಮೂಲಕ ಎರಡನೆಯದಕ್ಕೆ ಹೋಗಬೇಕು. ರಂಧ್ರದ ಅಗಲ ಒಂದು ಮಿಲಿಮೀಟರ್. ರೇಡಾನ್ ನಿಧಾನವಾಗಿ ದಾಟುತ್ತದೆ. ಥೋರಾನ್ ಬಹುಪಾಲು ಈಚೆಯೇ ಮುಗಿದಿರುತ್ತದೆ. ಪೊರೆಯ ಕೆಲಸವನ್ನು ಖಾಲಿ ತೂತೇ ಮಾಡುತ್ತದೆ.

ಇಷ್ಟಾದರೂ ಡಬ್ಬಿಯನ್ನು ಎಲ್ಲಿ ನೇತುಹಾಕಬೇಕೆಂಬುದು ಉಳಿಯುತ್ತದೆ. ರೇಡಾನ್ ಕೋಣೆಯೆಲ್ಲ ಹರಡಿರುತ್ತದೆ. ಥೋರಾನ್ ಗೋಡೆ ಬಿಟ್ಟು ದೂರ ಹೋಗುವಷ್ಟು ಬದುಕುವುದಿಲ್ಲ. ಕಲ್ಲುಗೋಡೆಯಿಂದ ಒಂದು ಗೇಣು ದೂರದಲ್ಲಿ ಸಿಕ್ಕ ಅಂಕಿ ಕೋಣೆಯ ನಡುವೆ ಸಿಗುವುದಿಲ್ಲ. ಮಂಚ ಗೋಡೆಗೆ ತಾಗಿರುವ ಮನೆಯಲ್ಲಿ ಮಲಗಿದವರು ಉಸಿರಾಡುವುದು ಮಾತ್ರ ಗೋಡೆಯ ಪಕ್ಕದ ಗಾಳಿಯನ್ನೇ.