ಹುಳುಕು ಹಲ್ಲಿಗೆ ಕ್ಯಾಲ್ಸಿಯಂ, ಫಾಸ್ಫೇಟ್: ಒಂದು ಶತಮಾನದ ಹುಡುಕಾಟ

1960ರ ದಶಕದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ಹಲ್ಲು ಹುಳುಕಿಗೆ ಕಾರಣವಾಗುವ ಸಕ್ಕರೆಯಿಂದಲೇ ಅದನ್ನು ತಡೆಯುವ ಸಂಯುಕ್ತವೊಂದನ್ನು ಸಿದ್ಧಪಡಿಸಿದರು. ಕ್ಯಾಲ್ಸಿಯಂ ಸುಕ್ರೋಸ್ ಫಾಸ್ಫೇಟ್ ಎಂಬ ಇದನ್ನು 5ರಿಂದ 17 ವರ್ಷದ ಮಕ್ಕಳ ಆಹಾರದಲ್ಲಿ ಬೆರೆಸಿ ಪರೀಕ್ಷಿಸಿದರು. ಹುಳುಕು ಕಡಿಮೆಯಾಯಿತೆಂಬ ವರದಿಗಳು 1967ರಿಂದ ಪ್ರಕಟವಾದವು. ಹಲ್ಲಿಗೆ ಬೇಕಾದ ಖನಿಜಗಳು ಯಾವುವೆಂಬುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಅವನ್ನು ಕರಗಿದ ಸ್ಥಿತಿಯಲ್ಲೇ ಹಲ್ಲಿನವರೆಗೆ ಮುಟ್ಟಿಸುವುದು ಹೇಗೆ? ಈ ಸಂಯುಕ್ತಗಳ ಇಡೀ ಚರಿತ್ರೆ ಆ ಒಂದು ತೊಡಕಿನ ಸುತ್ತ ಬೆಳೆದಿದೆ ಎಂಬುದು ನನ್ನ ವಾದ.

ಹಲ್ಲಿನ ಹೊರಪದರವಾದ ಎನಾಮಲ್‌ನ ತೂಕದಲ್ಲಿ ಶೇಕಡ 96ರಷ್ಟು ಖನಿಜ. ಅದರ ಬಹುಪಾಲು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ನಿಂದಾದ ಹೈಡ್ರಾಕ್ಸಿಅಪಟೈಟ್ ಹರಳು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳಿಂದ ಆಮ್ಲ ತಯಾರಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ಬರ್ಲಿನ್‌ನಲ್ಲಿದ್ದ ಅಮೆರಿಕನ್ ದಂತವೈದ್ಯ ವಿಲ್ಲೋಬಿ ಮಿಲ್ಲರ್ 1890ರ ತನ್ನ ಗ್ರಂಥದಲ್ಲಿ ನಿರೂಪಿಸಿದ. ಕರಗಿದ್ದು ಮರಳಿ ಕೂಡಬಲ್ಲದು ಎಂಬುದು ಇನ್ನರ್ಧ ಸತ್ಯ. ಆಮ್ಲದಿಂದ ಮೆದುವಾದ ಎನಾಮಲ್ ಜೊಲ್ಲಿನಲ್ಲಿ ಮತ್ತೆ ಗಟ್ಟಿಯಾಗುತ್ತದೆ ಎಂದು 1912ರಲ್ಲಿ ಜೋಸೆಫ್ ಹೆಡ್ ವರದಿ ಮಾಡಿದ. ಹುಳುಕು ಎಂದರೆ ಕೊರೆದು ತುಂಬುವುದು ಎಂದಷ್ಟೇ ತಿಳಿದಿದ್ದ ವೃತ್ತಿಯಲ್ಲಿ ಇದು ನನ್ನ ಮಟ್ಟಿಗೆ ಬಹು ದೊಡ್ಡ ಮಾತು.

ಹಾಗಾದರೆ ಆ ಖನಿಜಗಳನ್ನೇ ಬಾಯಿಗೆ ಕೊಟ್ಟರಾಗದೆ? ಕ್ಯಾಲ್ಸಿಯಂ ಕ್ಲೋರೈಡ್‌ನ ತಿಳಿ ದ್ರಾವಣಕ್ಕೆ ಸೋಡಿಯಂ ಫಾಸ್ಫೇಟ್‌ನ ತಿಳಿ ದ್ರಾವಣ ಸುರಿದು ನೋಡಿ: ಕಣ್ಣೆದುರೇ ಬೆಳ್ಳಗೆ ಕದಡಿ ಗಸಿ ತಳಕ್ಕಿಳಿಯುತ್ತದೆ. ಗಸಿಯಾದ ಖನಿಜ ಎನಾಮಲ್‌ನ ಸೂಕ್ಷ್ಮ ರಂಧ್ರಗಳೊಳಗೆ ಇಳಿಯಲಾರದು. ಜೊಲ್ಲಿನಲ್ಲಿಯೂ ಈ ಎರಡು ಖನಿಜಗಳು ಅತಿಪರ್ಯಾಪ್ತ ಪ್ರಮಾಣದಲ್ಲಿವೆ, ಆದರೂ ಅಲ್ಲಿ ಗಸಿ ಕಟ್ಟುವುದಿಲ್ಲ. ಸ್ಟ್ಯಾಥರಿನ್ ಎಂಬ ಪುಟ್ಟ ಪ್ರೋಟೀನ್ ಅದನ್ನು ತಡೆಯುತ್ತದೆ ಎಂಬುದು 1970ರ ದಶಕದಲ್ಲಿ ಬಾಸ್ಟನ್ನಿನ ಡೊನಾಲ್ಡ್ ಹೇ ಮತ್ತು ಸಂಗಡಿಗರಿಂದ ತಿಳಿಯಿತು.

ಅದಕ್ಕೂ ಮೊದಲು ಹುಡುಕಾಟ ಆಹಾರದ ದಾರಿಯಲ್ಲಿ ಸಾಗಿತ್ತು. 1937ರಲ್ಲಿ ದಕ್ಷಿಣ ಆಫ್ರಿಕಾದ ಆಸ್‌ಬಾರ್ನ್ ಮತ್ತು ಸಹೋದ್ಯೋಗಿಗಳು, ಶುದ್ಧೀಕರಿಸಿದ ಸಕ್ಕರೆ ಮತ್ತು ಹಿಟ್ಟು ಕಚ್ಚಾ ಸಕ್ಕರೆ, ಇಡೀ ಧಾನ್ಯಗಳಿಗಿಂತ ಹೆಚ್ಚಾಗಿ ಹಲ್ಲಿನ ಖನಿಜವನ್ನು ಕರಗಿಸುತ್ತವೆ ಎಂದು ಪ್ರಯೋಗಶಾಲೆಯಲ್ಲಿ ತೋರಿಸಿದರು. ಧಾನ್ಯದ ತೌಡಿನಲ್ಲಿರುವ ಫೈಟೇಟ್‌ನಂಥ ಫಾಸ್ಫೇಟ್‌ಗಳತ್ತ ಗಮನ ಹರಿಯಿತು. (ಬೆಲ್ಲ ತಿಂದರೆ ಹಲ್ಲು ಹುಳುಕಾಗದು ಎಂದು ಇದರಿಂದ ಯಾರೂ ತೀರ್ಮಾನಿಸಬಾರದು, ಪ್ರಯೋಗಶಾಲೆಯ ಗಾಜಿನ ನಳಿಕೆ ಬಾಯಿಯಲ್ಲ.) ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಹ್ಯಾರಿಸ್ ಮತ್ತು ಅಬ್ರಹಾಂ ನೈಜೆಲ್ ಇಲಿಗಳಿಗೆ ಫಾಸ್ಫೇಟ್ ಬೆರೆಸಿದ ಆಹಾರ ಕೊಟ್ಟಾಗ ಹುಳುಕು ಗಣನೀಯವಾಗಿ ತಗ್ಗಿತು. ಮಕ್ಕಳಲ್ಲಿ ಫಲಿತಾಂಶ ಒಂದೇ ತೆರನಾಗಿ ಬರಲಿಲ್ಲ. ಸ್ವೀಡನ್‌ನಲ್ಲಿ ಸ್ಟ್ರಾಲ್‌ಫೋರ್ಸ್ ಲಾಭ ಕಂಡರೆ, ಅಮೆರಿಕದ ಶಿಪ್ ಮತ್ತು ಮಿಕೆಲ್ಸನ್ 1964ರಲ್ಲಿ ಅಂಥ ಲಾಭ ಕಾಣಲಿಲ್ಲ. ಆಹಾರದ ದಾರಿ ಕ್ರಮೇಣ ಮಸುಕಾಯಿತು.

ಟೂತ್‌ಪೇಸ್ಟಿನಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಬಹಳ ಕಾಲ ಹಲ್ಲುಜ್ಜುವ ಪುಡಿಯಾಗಿಯೇ ಉಳಿಯಿತು. ಫ್ಲೋರೈಡ್ ಬಂದಾಗ ಅದು ತೊಂದರೆಯನ್ನೂ ಕೊಟ್ಟಿತು: ಪೇಸ್ಟಿನ ಕ್ಯಾಲ್ಸಿಯಂ ಫ್ಲೋರೈಡನ್ನು ಕಟ್ಟಿಹಾಕಿ ನಿಷ್ಫಲಗೊಳಿಸುತ್ತಿತ್ತು. 1950ರ ದಶಕದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಜೋಸೆಫ್ ಮ್ಯೂಲರ್ ತಂಡ ಕಾಯಿಸಿದ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಬಳಸಿ ಆ ಜಗಳ ಬಿಡಿಸಿತು. ಕ್ರೆಸ್ಟ್ ಪೇಸ್ಟ್ ಹುಟ್ಟಿದ್ದು ಹಾಗೆ.

ಖನಿಜವನ್ನು ಗಸಿಯಾಗದಂತೆ ಹಿಡಿದಿಡುವ ವಿದ್ಯೆ ಹಾಲಿಗೆ ಗೊತ್ತಿತ್ತು. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ, ಧಾರಾಳವಾಗಿ ಫಾಸ್ಫೇಟ್ ಇದ್ದರೂ ಅವು ತಳಕ್ಕಿಳಿಯುವುದಿಲ್ಲ. ಕೇಸಿನ್ ಪ್ರೋಟೀನ್ ಹಿಡಿದಿಟ್ಟಿರುತ್ತದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಎರಿಕ್ ರೆನಾಲ್ಡ್ಸ್ ಇದರ ಬೆನ್ನು ಹತ್ತಿದರು. ಕೇಸಿನ್ ಹುಳುಕನ್ನು ತಡೆಯುತ್ತಿತ್ತಾದರೂ ಅದು ತೀರ ಹೆಚ್ಚು ಪ್ರಮಾಣದಲ್ಲಿ ಬೇಕಾಗುತ್ತಿತ್ತು, ರುಚಿಯೂ ಹಿಡಿಸುತ್ತಿರಲಿಲ್ಲ. ಅವರು ಟ್ರಿಪ್ಸಿನ್ ಕಿಣ್ವದಿಂದ ಕೇಸಿನನ್ನು ತುಂಡರಿಸಿ, ಫಾಸ್ಫೇಟ್ ಹೊತ್ತ ತುಣುಕುಗಳನ್ನಷ್ಟೇ ಬೇರ್ಪಡಿಸಿದರು. ಒಂದರ ಪಕ್ಕ ಒಂದಾಗಿ ಮೂರು ಫಾಸ್ಫೊಸೆರೀನ್, ಅವುಗಳ ಬಳಿಕ ಎರಡು ಗ್ಲುಟಮೇಟ್: ಈ ಪುಟ್ಟ ಸರಣಿ ಕ್ಯಾಲ್ಸಿಯಂ ಫಾಸ್ಫೇಟ್‌ನ ಅತಿಸೂಕ್ಷ್ಮ ಗುಚ್ಛಗಳನ್ನು ಹರಳುಗಟ್ಟಲು ಬಿಡದೆ ಹಿಡಿಯುತ್ತದೆ. ಇದೇ ಸಿಪಿಪಿ-ಎಸಿಪಿ, ಅಂದರೆ ಕೇಸಿನ್ ತುಣುಕುಗಳು (ಸಿಪಿಪಿ) ಹಿಡಿದಿಟ್ಟ ಹರಳುಗಟ್ಟದ ಕ್ಯಾಲ್ಸಿಯಂ ಫಾಸ್ಫೇಟ್ (ಎಸಿಪಿ). 1995ರಲ್ಲಿ ಇಲಿಗಳ ಮೇಲೆ, 1997ರಲ್ಲಿ ಎನಾಮಲ್‌ನ ಒಳಪದರದ ಹುಳುಕಿನ ಮೇಲೆ ಅದರ ಪರಿಣಾಮ ಪ್ರಕಟವಾಯಿತು. 2008ರಲ್ಲಿ ಮೆಲ್ಬರ್ನಿನ 2,720 ಹದಿಹರೆಯದವರು ಎರಡು ವರ್ಷ ಸಕ್ಕರೆರಹಿತ ಚೂಯಿಂಗ್ ಗಮ್ ಅಗಿದ ಪ್ರಯೋಗದ ವರದಿ ಬಂತು. ಸಿಪಿಪಿ-ಎಸಿಪಿ ಇದ್ದ ಗಮ್ ಪಡೆದವರಲ್ಲಿ ಹಲ್ಲುಗಳ ನಡುವಿನ ಹುಳುಕು ಮುಂದುವರಿಯುವ ಸಂಭವ ಶೇಕಡ 18ರಷ್ಟು ಕಡಿಮೆ. ಇದು ದೊಡ್ಡ ಸಂಖ್ಯೆಯಲ್ಲ, ಆದರೆ ನಂಬಬಹುದಾದ ಸಂಖ್ಯೆ. ಹಾಲಿನ ಪ್ರೋಟೀನ್ ಅಲರ್ಜಿ ಇರುವವರಿಗೆ ಮಾತ್ರ ಇದು ಸಲ್ಲದು.

ಜಪಾನ್ ಬೇರೆ ದಾರಿ ಹಿಡಿದು, ಹೈಡ್ರಾಕ್ಸಿಅಪಟೈಟನ್ನೇ ಅತಿಸೂಕ್ಷ್ಮ ಕಣವಾಗಿಸಿ ಪೇಸ್ಟಿಗೆ ಸೇರಿಸಿತು. ಅಲ್ಲಿನ ಸರ್ಕಾರ 1993ರಲ್ಲಿ ಅದಕ್ಕೆ ಹುಳುಕು ನಿರೋಧಕವೆಂಬ ಮಾನ್ಯತೆ ಕೊಟ್ಟಿತು. ಫ್ಲೋರೈಡ್‌ಗೆ ಇದೇ ಬದಲಿ ಎಂಬ ಪ್ರಚಾರವನ್ನು ನಾನು ಒಪ್ಪಲಾರೆ. ಫ್ಲೋರೈಡ್ ಪೇಸ್ಟಿನ ಹಿಂದೆ ದಶಕಗಳ ದೊಡ್ಡ ಪ್ರಯೋಗಗಳಿವೆ. ಆರಂಭದ ಹುಳುಕನ್ನು ವಾಸಿಮಾಡಲು ಸಿಪಿಪಿ-ಎಸಿಪಿ ಪೇಸ್ಟಿಗೆ ಆದ್ಯತೆ ಬೇಡವೆಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2018ರಲ್ಲಿ ಸೂಚಿಸಿತು. ಫ್ಲೋರೈಡ್ ತಾನೂ ಕೆಲಸ ಮಾಡಬೇಕಾದರೆ ಕ್ಯಾಲ್ಸಿಯಂ, ಫಾಸ್ಫೇಟ್ ಬೇಕೇ ಬೇಕು. ಜೊಲ್ಲು ಒಣಗಿದ ಬಾಯಿಯಲ್ಲಿ, ಕ್ಲಿಪ್ ತೆಗೆದ ಹಲ್ಲಿನ ಬಿಳಿ ಮಚ್ಚೆಯಲ್ಲಿ ಇವು ಜೊತೆಗಾರರಾಗಿ ಉಪಯುಕ್ತವೆಂದು ತೋರುತ್ತದೆ.

ಆದರೆ ಕರ್ನಾಟಕದ ಪಾವಗಡ, ಮುಂಡರಗಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿ ಮಕ್ಕಳ ಹಲ್ಲು ಕಂದುಗಟ್ಟಿಸಿದೆ. ಪೇಸ್ಟ್ ನುಂಗುವ ವಯಸ್ಸಿನ ಅಲ್ಲಿನ ಮಕ್ಕಳಿಗೆ ಫ್ಲೋರೈಡ್ ಇಲ್ಲದ ಕ್ಯಾಲ್ಸಿಯಂ-ಫಾಸ್ಫೇಟ್ ಪೇಸ್ಟ್ ಎಷ್ಟು ರಕ್ಷಣೆ ಕೊಡುತ್ತದೆಂಬ ದೀರ್ಘಾವಧಿ ಪ್ರಯೋಗ ಆ ತಾಲ್ಲೂಕುಗಳಲ್ಲೇ, ಆ ನೀರು ಕುಡಿಯುವ ಮಕ್ಕಳಲ್ಲೇ ನಡೆಯಬೇಕು.